ಮಕ್ಕಳ ಬಾಯಿಗೆ ಬರಬಾರದ ಮಾತು

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಮಕ್ಕಳ ಕಿವಿಗೆ ಕನ್ನಡ, ಮರಾಠಿ, ಕೊಂಕಣಿಗಳು ಒಟ್ಟಿಗೇ ಬೀಳುತ್ತವೆ. ಸವಿನುಡಿಯೊಡನೆ ಬೈಗುಳವೂ ಬರುವುದು ಸಹಜ. ಹಿರಿಯರನ್ನು ಕುರಿತು ಮಗು ‘ಲೇ’ ಎಂದರೆ ತಾಯಿ ಕಣ್ಣು ಕೆಂಪಗೆ ಮಾಡುವಳು. ಅದು ಉಚಿತವೇ. ಆದರೆ ಅದಕ್ಕಿಂತ ಕ್ರೂರವಾದ ಮಾತುಗಳು ನಮ್ಮ ಪಡಸಾಲೆಯಲ್ಲಿಯೇ ನಿರಾತಂಕವಾಗಿ ಓಡಾಡುತ್ತಿವೆ.

‘ರಂಡೆ’, ‘ಮುಂಡೆ’ ಎಂಬ ಶಬ್ದಗಳ ಮೂಲಾರ್ಥ ವಿಧವೆ ಎಂದಷ್ಟೆ. ಎರಡನೆಯದು ತಲೆ ಬೋಳಿಸುವ ಮುಂಡನದಿಂದ ಬಂದುದು. ಸಿಟ್ಟಿನಲ್ಲಿಯೋ ಮುದ್ದಿನಲ್ಲಿಯೋ ಇವನ್ನು ಆಡುವಾಗ, ಪತಿಯನ್ನು ಕಳೆದುಕೊಂಡು ಅದೇ ಮನೆಯಲ್ಲಿರುವ ಅತ್ತೆಯೋ ಅಕ್ಕನೋ ಕೇಳುತ್ತಿರುವಳೆಂಬ ಎಚ್ಚರ ಬೇಡವೆ? ಅವಳ ದುಃಖವೇ ಬೈಗುಳವಾಗುವುದು ಯಾವ ನ್ಯಾಯ? ಈ ಸೀಮೆಯವರೇ ಆದ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿ ಸಮುದಾಯದ ಮಕ್ಕಳನ್ನು ಮೈಬಣ್ಣ ಹಿಡಿದು, ಕೂದಲು ಹಿಡಿದು ಹಂಗಿಸುವ ಮಾತೂ ಹೀಗೆಯೇ. ಅದರಲ್ಲಿ ಹೊಲಸು ಶಬ್ದವಿಲ್ಲದಿದ್ದರೂ ವಿಷವಿದೆ.

‘ಸೂಳೆ’ ಎಂಬುದನ್ನು ಮಕ್ಕಳು ಉಚ್ಚರಿಸಕೂಡದೆನ್ನುತ್ತೇವೆ. ಆದರೆ 12ನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ಹೆಸರನ್ನು ಕೈಮುಗಿದು ಹೇಳುತ್ತೇವೆ. ‘ನಿರ್ಲಜ್ಜೇಶ್ವರ’ ಅಂಕಿತದ ಆಕೆಯ ಒಂದೇ ವಚನ ದೊರೆತಿದೆ. ಆದ್ದರಿಂದ ದೋಷವು ಅಕ್ಷರದಲ್ಲಿಲ್ಲ, ಆಡುವವನ ಭಾವದಲ್ಲಿದೆ.

ಶರಣ ಬಂಧುಗಳೆ, ಬೆನ್ನಿಗೆ ಗುದ್ದಿ ನಾಲಗೆ ತಿದ್ದಲಾಗದು. ಮಕ್ಕಳಿಗೆ ಅರ್ಥ ತಿಳಿಸಿರಿ. ಯಾರಿಗೆ ನೋಯುವುದೆಂದು ತೋರಿಸಿರಿ. ಅದಕ್ಕೂ ಮೊದಲು ಹಿರಿಯರು ತಮ್ಮ ನಾಲಗೆಯನ್ನು ತಿದ್ದಿಕೊಳ್ಳಲಿ. ಮಗು ಆಡುವ ಮಾತು ಬಹುಪಾಲು ಮನೆಯಲ್ಲಿ ಕೇಳಿದ ಮಾತೇ ಅಲ್ಲವೆ?