ಸುತ್ತಲೂ ಮಂಜು, ಆದರೂ ನೀರಡಿಕೆ: ಸಿಯಾಚಿನ್‌ ಸೈನಿಕರಿಗೆ ಚಳಿಯಷ್ಟೇ ನೀರೂ ಏಕೆ ಚಿಂತೆ?

ಸುತ್ತಿಗೆಯಿಂದ ಹೊಡೆದರೂ ಒಡೆಯದ ಮೊಟ್ಟೆ, ಕಲ್ಲಿನಂತಾದ ಟೊಮೆಟೊ, ಇಟ್ಟಿಗೆಯಂತೆ ಗಟ್ಟಿಯಾದ ಜ್ಯೂಸ್ ಪ್ಯಾಕೆಟ್. ಸಿಯಾಚಿನ್‌ನ ಯೋಧರ ಈ ವಿಡಿಯೊ 2019ರ ಜೂನ್‌ನಲ್ಲಿ ದೇಶವೆಲ್ಲಾ ಹರಿದಾಡಿತ್ತು, ನಿಮ್ಮ ಫೋನಿಗೂ ಬಂದಿರಬಹುದು. ವಿಡಿಯೊ ನಿಜವಾದದ್ದೇ. ಆದರೆ ಇಂಥ ವಿಡಿಯೊಗಳ ಕೆಳಗೆ ಸೇರಿಕೊಂಡು ಬರುವ ಮಾತುಗಳಿವೆಯಲ್ಲ: 'ಅಲ್ಲಿ ರಮ್ ಕುಡಿದೇ ಬದುಕುತ್ತಾರೆ', 'ಚಳಿಯಲ್ಲಿ ನೀರು ಅಷ್ಟಾಗಿ ಬೇಕಿಲ್ಲ', 'ಸುತ್ತ ಮಂಜೇ ಇರುವಾಗ ನೀರಿಗೇನು ಬರ'. ಈ ಮೂರೂ ತಪ್ಪು. ಮೂರನ್ನೂ ನಂಬಿ ನಡೆದವನು ಅಲ್ಲಿ ಬಹಳ ದಿನ ಉಳಿಯಲಾರ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರಿಗೆ ಇದು ದೂರದ ಸುದ್ದಿಯಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. ಭರ್ತಿಗಾಗಿ ನಸುಕಿನಲ್ಲಿ ಎದ್ದು ರಸ್ತೆಯಲ್ಲಿ ಓಡುವ ಹುಡುಗರು ಈ ಭಾಗದ ಹಳ್ಳಿಗಳಲ್ಲಿ ಸಾಮಾನ್ಯ ನೋಟ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಬ್ಬಿನ ಗದ್ದೆಯಲ್ಲಿ ಬೆಳೆದ ಹುಡುಗ ನಾಳೆ ಮೈನಸ್ ನಲವತ್ತರಲ್ಲಿ ಕಾವಲು ನಿಲ್ಲಬೇಕಾಗಬಹುದು. ಆಗ ಅವನ ದೇಹದೊಳಗೆ ಏನಾಗುತ್ತದೆ, ಅವನು ತೊಟ್ಟ ಬಟ್ಟೆ ಏನು ಮಾಡುತ್ತದೆ ಎಂಬುದನ್ನು ನೋಡೋಣ.

ಮೊದಲು ಒಂದು ಹೆಸರು ನೆನಪಿಸಿಕೊಳ್ಳಬೇಕು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಆರನೆಯ ದಿನ, ಫೆಬ್ರುವರಿ 8ರ ರಾತ್ರಿ, ಹನುಮಂತಪ್ಪ ಒಬ್ಬರೇ ಜೀವಂತವಾಗಿ ಸಿಕ್ಕರು. ದಿಲ್ಲಿಯ ಸೇನಾ ಆಸ್ಪತ್ರೆಗೆ ಸಾಗಿಸಿದರೂ ಫೆಬ್ರುವರಿ 11ರಂದು ತೀರಿಕೊಂಡರು. ಇಡೀ ಕರ್ನಾಟಕ ಆ ಮೂರು ದಿನ ಟಿವಿ ಮುಂದೆ ಕುಳಿತಿತ್ತು.

ಆಗ ಹೊರಬಂದ ವೈದ್ಯಕೀಯ ಪ್ರಕಟಣೆಯನ್ನು ಗಮನವಿಟ್ಟು ಓದಿದವರು ಕಡಿಮೆ. ಅವರಿಗೆ ಹಿಮಕಡಿತದ ಗಾಯಗಳಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಆದರೆ ಮೈಶಾಖ ಕುಸಿದಿತ್ತು, ಆಮ್ಲಜನಕ ಮತ್ತು ಸಕ್ಕರೆ ಅಂಶ ಇಳಿದಿತ್ತು, ದೇಹದಲ್ಲಿ ನೀರು ಬತ್ತಿತ್ತು, ರಕ್ತದೊತ್ತಡ ಬಿದ್ದಿತ್ತು, ನ್ಯುಮೋನಿಯಾ ಆಗಿತ್ತು, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮಂಜಿನೊಳಗೆ ಹೂತವರ ದೇಹದಲ್ಲಿ ನೀರು ಬತ್ತುವುದು ವಿಚಿತ್ರವೆನಿಸುತ್ತದೆ. ಶರೀರಶಾಸ್ತ್ರ ತಿಳಿದರೆ ಅದರಲ್ಲಿ ವಿಚಿತ್ರವೇನಿಲ್ಲ.

ನೀರು ಎಲ್ಲಿಗೆ ಹೋಗುತ್ತದೆ?

ಚಳಿ ತಗುಲಿದ ಕೂಡಲೇ ದೇಹ ಚರ್ಮದ ಹಾಗೂ ಕೈಕಾಲುಗಳ ರಕ್ತನಾಳಗಳನ್ನು ಬಿಗಿಯುತ್ತದೆ. ಹೃದಯ, ಮಿದುಳು, ಹೊಟ್ಟೆಯೊಳಗಿನ ಅಂಗಗಳು ಬೆಚ್ಚಗಿರಲಿ, ಬೆರಳು ಸ್ವಲ್ಪ ತಣ್ಣಗಾದರೂ ಸರಿ ಎಂಬುದು ಅದರ ಲೆಕ್ಕ. ಹೊರಗಿನ ರಕ್ತವೆಲ್ಲಾ ಒಳಗೆ ಬಂದಾಗ, 'ಒಳಗೆ ದ್ರವ ಹೆಚ್ಚಾಗಿದೆ' ಎಂದು ದೇಹ ತಪ್ಪು ತಿಳಿಯುತ್ತದೆ. ಮೂತ್ರಪಿಂಡಗಳು ಹೆಚ್ಚುವರಿ ಎಂದುಕೊಂಡ ನೀರನ್ನು ಹೊರಹಾಕುತ್ತವೆ. ಡಿಸೆಂಬರ್ ಬೆಳಗಿನಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದೇ ಕಾರಣಕ್ಕೆ. ಅದೇ ತಪ್ಪು ಲೆಕ್ಕದಿಂದ ಬಾಯಾರಿಕೆಯ ಸೂಚನೆಯೂ ಮಂಕಾಗುತ್ತದೆ. ಅಂದರೆ ನೀರು ಹೆಚ್ಚು ಹೋಗುತ್ತಿರುವಾಗಲೇ ಬೇಕೆಂಬ ಆಸೆ ಕಡಿಮೆ.

ಇದರ ಜೊತೆಗೆ ಉಸಿರು. ಅತಿ ತಣ್ಣನೆಯ ಗಾಳಿಯಲ್ಲಿ ತೇವಾಂಶ ಇರುವುದೇ ಇಲ್ಲ ಎನ್ನಬಹುದು. ಪ್ರತಿ ಉಸಿರಿನ ಗಾಳಿಯನ್ನೂ ಶ್ವಾಸಕೋಶ ಬೆಚ್ಚಗೆ ಮಾಡಿ, ಒದ್ದೆ ಮಾಡಿ ಹೊರಬಿಡುತ್ತದೆ. ಬಾಯಿಂದ ಹೊರಡುವ ಬಿಳಿ ಹಬೆ ನಿಮ್ಮದೇ ನೀರು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಉಸಿರಾಟ ಜೋರಾಗಿರುತ್ತದೆ, ನಷ್ಟವೂ ಜಾಸ್ತಿ. ಮೇಲೆ ಭಾರ ಹೊತ್ತು ನಡೆವಾಗ ಜಾಕೆಟ್ಟಿನೊಳಗೆ ಸುರಿಯುವ ಬೆವರು ಬೇರೆ. ಎತ್ತರದ ಚಳಿಯಲ್ಲಿ ದುಡಿಯುವವರಿಗೆ ದಿನಕ್ಕೆ 3ರಿಂದ 5 ಲೀಟರ್ ದ್ರವ ಬೇಕಾಗುತ್ತದೆ. ನೀರು ಕಡಿಮೆಯಾದರೆ ಬೆರಳ ತುದಿಗೆ ರಕ್ತ ಇನ್ನೂ ಕಡಿಮೆ ಹೋಗುತ್ತದೆ, ಹಿಮಕಡಿತಕ್ಕೆ ದಾರಿಯಾಗುತ್ತದೆ.

ಹಾಗಾದರೆ ಮಂಜನ್ನೇ ಬಾಯಿಗೆ ಹಾಕಿಕೊಳ್ಳಬಾರದೇ? ಲೆಕ್ಕ ಹಾಕಿ ನೋಡಿದೆವು. ಮೈನಸ್ 20 ಡಿಗ್ರಿಯ ಒಂದು ಕಿಲೋ ಮಂಜನ್ನು ಸೊನ್ನೆಗೆ ತರಲು 10 ಕಿಲೋ ಕ್ಯಾಲರಿ, ಕರಗಿಸಲು 80, ಆ ನೀರನ್ನು ಮೈಶಾಖಕ್ಕೆ ತರಲು 37. ಒಟ್ಟು 127. ಸುಮ್ಮನೆ ಕುಳಿತ ಮನುಷ್ಯನ ದೇಹ ಒಂದೂವರೆ ತಾಸಿಗಿಂತ ಹೆಚ್ಚು ಹೊತ್ತಿನಲ್ಲಿ ಹುಟ್ಟಿಸುವಷ್ಟು ಶಾಖ ಅದು. ಆಗಲೇ ನಡುಗುತ್ತಿರುವವನು ಒಂದು ಲೀಟರ್ ನೀರಿಗಾಗಿ ಅಷ್ಟು ಶಾಖ ತೆರಬೇಕು. ಅದಕ್ಕೇ ಮಂಜನ್ನು ಸೀಮೆಎಣ್ಣೆ ಸ್ಟೋವಿನ ಮೇಲೆ ಕರಗಿಸಿ ಕುಡಿಯುತ್ತಾರೆ. ಹೊಸದಾಗಿ ಬಿದ್ದ ಹಗುರ ಮಂಜಾದರೆ ಪಾತ್ರೆ ತುಂಬಾ ಹಾಕಿದರೂ ತಳದಲ್ಲಿ ಉಳಿಯುವುದು ಸ್ವಲ್ಪವೇ ನೀರು. ಅಂದರೆ ಅಲ್ಲಿ ನೀರು ಎಂದರೆ ಎಣ್ಣೆ. ಆ ಎಣ್ಣೆಯನ್ನು ಹೆಲಿಕಾಪ್ಟರ್ ಮತ್ತು ಬೆನ್ನಿನ ಮೇಲೆ ಅಲ್ಲಿಗೆ ಸಾಗಿಸಬೇಕು.

ನೀರು ಹೊರುವುದೂ ಒಂದು ವಿದ್ಯೆ

ಚಾರಣಿಗರ ಬೆನ್ನ ಮೇಲೆ ನೀರಿನ ಚೀಲ, ಭುಜದ ಮೇಲಿಂದ ಬಾಯಿಗೆ ಬರುವ ನಳಿಕೆ ನೋಡಿರಬಹುದು. ಬಯಲುಸೀಮೆಯಲ್ಲಿ ಬಹಳ ಅನುಕೂಲ. ಆದರೆ ಕೊರೆಯುವ ಚಳಿಯಲ್ಲಿ ಮೊದಲು ಹೆಪ್ಪುಗಟ್ಟುವುದು ಆ ಸಣ್ಣ ನಳಿಕೆಯೇ, ಏಕೆಂದರೆ ಅದರಲ್ಲಿ ನೀರು ಕಡಿಮೆ, ಗಾಳಿಗೆ ತೆರೆದ ಮೈ ಹೆಚ್ಚು. ಚೀಲದಲ್ಲಿ ಎರಡು ಲೀಟರ್ ಇದ್ದರೂ ಹನಿ ಬಾಯಿಗೆ ಬರುವುದಿಲ್ಲ. ಚೀಲವನ್ನು ಹೊರ ಜಾಕೆಟ್ಟಿನ ಒಳಗೆ, ಮೈಗೆ ಹತ್ತಿರ ಧರಿಸುವುದು ಮೊದಲ ಉಪಾಯ. ನಳಿಕೆಗೆ ಫೋಮ್ ಹೊದಿಕೆ ಹಾಕಿ ತೋಳಿನ ಕೆಳಗಿಂದ ಹಾಯಿಸುತ್ತಾರೆ. ಕುಡಿದಾದ ಮೇಲೆ ನಳಿಕೆಯೊಳಗೆ ಊದಿ ಉಳಿದ ನೀರನ್ನು ಚೀಲಕ್ಕೆ ಹಿಂದೆ ತಳ್ಳುವುದನ್ನು ಮರೆಯುವಂತಿಲ್ಲ.

ಬಾಟಲಿಯಾದರೆ ಅಗಲ ಬಾಯಿಯದು ಬೇಕು, ಮತ್ತು ತಲೆಕೆಳಗಾಗಿ ಇಡಬೇಕು. ಐಸ್ ಯಾವಾಗಲೂ ಮೇಲಿನಿಂದ ಕಟ್ಟುತ್ತಾ ಬರುತ್ತದೆ. ತಲೆಕೆಳಗಾಗಿಟ್ಟರೆ ಅದು ತಳದ ಕಡೆ ಕಟ್ಟುತ್ತದೆ, ಮುಚ್ಚಳ ತೆರೆದರೆ ನೀರು ಸಿಗುತ್ತದೆ. ರಾತ್ರಿ ಬಿಸಿನೀರು ತುಂಬಿದ ಬಾಟಲಿಯನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಇಟ್ಟುಕೊಂಡರೆ ಕಾಲು ಬೆಚ್ಚಗೆ, ಬೆಳಿಗ್ಗೆ ಕುಡಿಯಲು ನೀರೂ ಸಿದ್ಧ. ನಮಗೆ ಇದೇ ಎಲ್ಲಕ್ಕಿಂತ ಜಾಣ ಉಪಾಯ ಅನಿಸಿತು. ಖರ್ಚು ಏನೂ ಇಲ್ಲ.

ಕಂಬಳಿ ಬಿಸಿ ಕೊಡುವುದಿಲ್ಲ

ಅಥಣಿ, ರಾಯಬಾಗ ಕಡೆ ಕುರಿ ಹಿಂಡಿನ ಜೊತೆ ಅಡವಿ ತಿರುಗುವ ಕುರಿಗಾಹಿಗಳ ಹೆಗಲ ಮೇಲಿನ ಕರಿ ಕಂಬಳಿ ನಿಮಗೆ ಗೊತ್ತು. ದಖ್ಖನಿ ಕುರಿಯ ಒರಟು ಉಣ್ಣೆ. ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ರಾತ್ರಿ ಹಾಸಿಗೆ. 'ಕಂಬಳಿ ಬಿಸಿ ಕೊಡುತ್ತದೆ' ಎನ್ನುತ್ತೇವೆ, ಆದರೆ ಅದು ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ. ಐಸ್ ಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿದರೆ ಅದು ಬೇಗ ಕರಗುವುದಿಲ್ಲ, ನಿಧಾನವಾಗಿ ಕರಗುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ.

ಕೆಲಸ ಮಾಡುವುದು ಉಣ್ಣೆಯ ಗುಂಗುರು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಅದು ಮೈಗೆ ಒದ್ದೆ ಅನಿಸುವುದಿಲ್ಲ. ಹತ್ತಿ ಹಾಗಲ್ಲ. ಬೆವರಿನಿಂದ ತೊಯ್ದ ಹತ್ತಿ ಬನಿಯನ್ ಮೈಗಂಟಿ ಶಾಖ ಕದಿಯುತ್ತದೆ, ಏಕೆಂದರೆ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. 1962ರ ಚೀನಾ ಯುದ್ಧದಲ್ಲಿ ಬಯಲಿನಿಂದ ನೇರವಾಗಿ ಹಿಮಾಲಯಕ್ಕೆ ಹೋದ ನಮ್ಮ ಎಷ್ಟೋ ಸೈನಿಕರ ಮೈಮೇಲಿದ್ದದ್ದು ಹತ್ತಿಯ ಸಮವಸ್ತ್ರ, ಕಾಲಲ್ಲಿ ಕ್ಯಾನ್ವಾಸ್ ಶೂ. ಅದರ ಬೆಲೆ ಏನಾಯಿತೆಂಬುದು ಇತಿಹಾಸದಲ್ಲಿದೆ.

ಈಗಿನ ಉಡುಪು ಪದರಗಳ ಲೆಕ್ಕದಲ್ಲಿ ನಡೆಯುತ್ತದೆ. ಒಳಪದರ ಬೆವರನ್ನು ಹೀರಿ ಹೊರದಾಟಿಸುತ್ತದೆ, ನಡುವಿನದು ಗಾಳಿ ಹಿಡಿದಿಡುತ್ತದೆ, ಹೊರಗಿನದು ಬೀಸುಗಾಳಿ ಮತ್ತು ಮಂಜನ್ನು ತಡೆಯುತ್ತದೆ. ನಡೆಯಲು ಶುರುಮಾಡುವ ಮುಂಚೆ ಒಂದು ಪದರ ತೆಗೆಯಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಬೆವರುವಷ್ಟು ಬೆಚ್ಚಗಿದ್ದವನು ಅರ್ಧ ತಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ನಡುಗುತ್ತಾನೆ. ದಶಕಗಳ ಕಾಲ ಇಂಥ ಉಡುಪಿಗೆ ನಾವು ವಿದೇಶಗಳನ್ನೇ ನೆಚ್ಚಿಕೊಂಡಿದ್ದೆವು. ಡಿಆರ್‌ಡಿಒ ಸಿದ್ಧಪಡಿಸಿದ ಮೂರು ಪದರದ ದೇಶೀ ಉಡುಪಿನ ತಂತ್ರಜ್ಞಾನವನ್ನು 2021ರ ಡಿಸೆಂಬರ್‌ನಲ್ಲಿ ಐದು ಭಾರತೀಯ ಕಂಪನಿಗಳಿಗೆ ಕೊಡಲಾಯಿತು. ಪ್ಲಸ್ 15ರಿಂದ ಮೈನಸ್ 50 ಡಿಗ್ರಿವರೆಗೆ ಪದರ ಕೂಡಿಸಿ, ಕಳೆದು ತೊಡಬಹುದಾದ ವಿನ್ಯಾಸ ಅದು.

ವಿನ್ಯಾಸ ಇದ್ದರೆ ಸಾಲದು, ಅದು ಠಾಣೆಗೆ ತಲುಪಬೇಕು. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, ಎತ್ತರದ ಪ್ರದೇಶಗಳ ಸೈನಿಕರಿಗೆ ಹಿಮದ ಕನ್ನಡಕ ಮತ್ತು ಬೂಟುಗಳ ಕೊರತೆಯಾಗಿತ್ತು, ಬಳಸಿದ ಬೂಟುಗಳನ್ನೇ ಮತ್ತೆ ಸರಿಪಡಿಸಿ ಕೊಡಬೇಕಾಯಿತು, ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗುಗಳು ಹಳೆಯ ಮಾದರಿಯವು ಎಂದು ಹೇಳಿತು. ಅದು ಹಳೆಯ ವರ್ಷಗಳ ಲೆಕ್ಕ, ಈಗ ಪರಿಸ್ಥಿತಿ ಸುಧಾರಿಸಿದೆ ಎಂದು ಅಂದಿನ ಸೇನಾ ಮುಖ್ಯಸ್ಥರು ಉತ್ತರಿಸಿದರು. ಮೊಟ್ಟೆ ಒಡೆಯುವ ವಿಡಿಯೊ ಹಂಚಿದಷ್ಟು ಜನ ಈ ವರದಿಯನ್ನು ಹಂಚಲಿಲ್ಲ ಎಂಬುದು ನಮ್ಮ ಸಣ್ಣ ಬೇಸರ.

ಬ್ಯಾಟರಿ ಜಾಕೆಟ್, ರಮ್, ಬೀಡಿ

'ಸೈನಿಕರು ತೊಡುವ ಹೀಟರ್ ಜಾಕೆಟ್' ಎಂದು ಆನ್‌ಲೈನ್‌ನಲ್ಲಿ ಮಾರುವ ವಸ್ತುಗಳ ಬಗ್ಗೆ ಒಂದು ಮಾತು. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿರುವ ಒಟ್ಟು ಶಕ್ತಿ ಸುಮಾರು 37 ವ್ಯಾಟ್-ತಾಸು, ಅಂದರೆ 32 ಕಿಲೋ ಕ್ಯಾಲರಿ. ಒಂದು ಜೋಳದ ರೊಟ್ಟಿಯಲ್ಲಿ ನೂರಕ್ಕೂ ಹೆಚ್ಚು ಇರುತ್ತದೆ. ಅದೂ ಅಲ್ಲದೆ ಕಡು ಚಳಿಯಲ್ಲಿ ಲಿಥಿಯಂ ಬ್ಯಾಟರಿ ಅರ್ಧಂಬರ್ಧ ಕೆಲಸ ಮಾಡುತ್ತದೆ, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ. ಬೆರಳಿಗೆ, ಪಾದಕ್ಕೆ ಸ್ವಲ್ಪ ಹೊತ್ತು ಆಸರೆಯಾಗಬಹುದು. ಇಡೀ ಮೈಯನ್ನು ಅದರ ಮೇಲೆ ಬಿಟ್ಟು ಕೂಡಲಾಗದು. ಬಟ್ಟೆ ಹಿಡಿದಿಡುವ ಶಾಖ ಬರುವುದು ಊಟದಿಂದ.

ರಮ್ ಕುಡಿದಾಗ ಮೈ ಬಿಸಿಯಾದಂತೆ ಅನಿಸುವುದು ಸುಳ್ಳಲ್ಲ. ಬಿಗಿದಿದ್ದ ಚರ್ಮದ ರಕ್ತನಾಳಗಳು ತೆರೆದು, ಒಳಗಿನ ಬಿಸಿ ರಕ್ತ ಹೊರಗೆ ಬರುತ್ತದೆ. ಮುಖ ಕೆಂಪಾಗುತ್ತದೆ, ಹಿತವೆನಿಸುತ್ತದೆ. ಅದೇ ಹೊತ್ತಿಗೆ ಆ ಶಾಖವೆಲ್ಲಾ ಗಾಳಿ ಪಾಲಾಗುತ್ತಿರುತ್ತದೆ, ನಡುಕ ಕಡಿಮೆಯಾಗುತ್ತದೆ, ಅಪಾಯ ತಿಳಿಯುವ ಬುದ್ಧಿ ಮಸುಕಾಗುತ್ತದೆ, ಮೂತ್ರವೂ ಹೆಚ್ಚುತ್ತದೆ. ತಂಬಾಕಿನದು ತದ್ವಿರುದ್ಧ. ನಿಪ್ಪಾಣಿಯವರಿಗೆ ಇದನ್ನು ಹೇಳಲು ನಮಗೆ ಸಂಕೋಚ, ಆದರೂ ಹೇಳಲೇಬೇಕು: ಚಳಿಗೆಂದು ಸೇದುವ ಬೀಡಿ ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಹಿಮದಲ್ಲಿ ಬೆರಳು ಕಳೆದುಕೊಳ್ಳುವ ಸಾಧ್ಯತೆ ಸೇದುವವರಿಗೆ ಹೆಚ್ಚು. ಬಿಸಿ ಸಿಹಿ ಚಹಾಕ್ಕೆ ಮಾತ್ರ ನಮ್ಮ ತಕರಾರಿಲ್ಲ. ಚಹಾ ಕುಡಿದರೆ ನೀರು ಹೋಗಿಬಿಡುತ್ತದೆ ಎನ್ನುವುದು ಅತಿಶಯೋಕ್ತಿ, ಅದರಲ್ಲಿರುವ ನೀರಿನ ಬಹುಪಾಲು ದೇಹಕ್ಕೇ ಸೇರುತ್ತದೆ.

ಮನೆಯ ಹುಡುಗ ಲೇಹ್ ಕಡೆ ಹೊರಟಿದ್ದರೆ ದಪ್ಪ ಜಾಕೆಟ್ ಕೊಡಿಸಲು ಹೋಗಬೇಡಿ, ಸೇನೆ ಕೊಟ್ಟದ್ದು ಅದಕ್ಕಿಂತ ಒಳ್ಳೆಯದಿರುತ್ತದೆ. ಎರಡು ಮೂರು ಜೊತೆ ಉಣ್ಣೆಯ ಕಾಲುಚೀಲ ಕೊಡಿ. ಒಂದರ ಮೇಲೊಂದು ತುರುಕಿ ಬೂಟು ಬಿಗಿ ಮಾಡಿಕೊಳ್ಳಲು ಅಲ್ಲ, ಒದ್ದೆಯಾದಾಗ ಬದಲಿಸಲು. ಬಿಗಿಯಾದ ಬೂಟು ರಕ್ತ ಓಡಾಟವನ್ನು ತಡೆದು ಪಾದವನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಭರ್ತಿಗೆ ಓಡುವ ಹುಡುಗರು ತೂಕ ಇಳಿಸಲೆಂದು ನಸುಕಿನಲ್ಲಿ ಪ್ಲಾಸ್ಟಿಕ್ ಕೋಟು ತೊಟ್ಟು ಓಡುವುದನ್ನು ಬಿಡಲಿ. ಇಳಿಯುವುದು ನೀರಿನ ತೂಕ, ಕುಡಿದ ಕೂಡಲೇ ಮರಳುತ್ತದೆ. ನೀರು ಸಾಕಾಯಿತೇ ಎಂದು ತಿಳಿಯಲು ಬಾಯಾರಿಕೆ ಕಾಯದೆ ಮೂತ್ರದ ಬಣ್ಣ ನೋಡಿ: ತಿಳಿ ಹಳದಿಯಾದರೆ ಸರಿ, ಗಾಢವಾದರೆ ಕುಡಿಯಬೇಕು. ನಸುಕಿನಲ್ಲಿ ಕಬ್ಬು ಕಡಿಯಲು ಹೋಗುವವರಿಗೂ ಇದೇ ಅಳತೆ.

ಇನ್ನು ಹಿಮಕಡಿತ. ಮರಗಟ್ಟಿ ಬಿಳಿಚಿಕೊಂಡ ಬೆರಳನ್ನು ಮಂಜಿನಿಂದ ತಿಕ್ಕಬೇಕೆಂಬ ಹಳೆಯ ಸಲಹೆ ಈಗಲೂ ಫಾರ್ವರ್ಡ್ ಆಗುತ್ತಿದೆ. ತಿಕ್ಕಿದರೆ ಗಾಯ ಹೆಚ್ಚುತ್ತದೆ. ಬೆಂಕಿಗೆ ಹಿಡಿದರೆ ಸ್ಪರ್ಶ ತಿಳಿಯದ ಚರ್ಮ ಸುಟ್ಟುಹೋಗುತ್ತದೆ. 37ರಿಂದ 39 ಡಿಗ್ರಿಯ, ಅಂದರೆ ಮೈಬಿಸಿಯಷ್ಟೇ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಬೇಕು, ಅದೂ ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಜಾಗ ತಲುಪಿದ ಮೇಲೆ. ಒಮ್ಮೆ ಕರಗಿದ ಬೆರಳು ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟಿದರೆ ಉಳಿಯುವ ಸಾಧ್ಯತೆ ಬಹಳ ಕಡಿಮೆ.