ಅಟ್ಟದ ಸೈಕಲ್ಲೂ ಅಸಲಿ ಬಿಡಿಭಾಗವೂ

ಕಮ್ಮರಡಿಯ ಸುತ್ತಿನ ಊರುಗಳಲ್ಲಿ ಅಡಕೆ ಚಪ್ಪರದ ಮೂಲೆಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ಹಳೆಯ ಸೈಕಲ್ಲೊಂದು ಒರಗಿರುವುದು ಅಪರೂಪದ ದೃಶ್ಯವೇನಲ್ಲ. ಕಡ್ಡಿ ಬ್ರೇಕಿನ, ಇಪ್ಪತ್ತೆಂಟು ಅಂಗುಲದ ಗಾಲಿಯ ಆ ಸೈಕಲ್ಲು ಒಂದು ಕಾಲದಲ್ಲಿ ಅಕ್ಕಿ ಮೂಟೆಯನ್ನೂ ಶಾಲೆಯ ಮಕ್ಕಳನ್ನೂ ಹೊತ್ತು ತಿರುಗಿದ್ದಿರಬಹುದು. ಈಗ ಗುಜರಿಯವನು ಬಂದಾಗ ಅದು ಕಿಲೋ ಲೆಕ್ಕದ ಕಬ್ಬಿಣ. ಇದೇ ಹೊತ್ತಿನಲ್ಲಿ ದೂರದ ನಗರಗಳಲ್ಲಿ ಹಳೆಯ ಪಂದ್ಯದ ಸೈಕಲ್ಲುಗಳಿಗೆ ಮರುಜೀವ ಕೊಡುವ ಹವ್ಯಾಸ ಬೆಳೆದಿದೆ. ಓಟಪಥದ ಟ್ರ್ಯಾಕ್ ಸೈಕಲ್ಲಿರಲಿ, ಗಡಿಯಾರದೊಡನೆ ಒಬ್ಬಂಟಿಯಾಗಿ ಸ್ಪರ್ಧಿಸುವ ಟೈಮ್ ಟ್ರಯಲ್ ಸೈಕಲ್ಲಿರಲಿ, ಅದು ಹುಟ್ಟಿದ ಕಾಲದ ಅಸಲಿ ಬಿಡಿಭಾಗಗಳನ್ನೇ ಹುಡುಕಿ ಜೋಡಿಸಬೇಕೆಂಬುದು ಈ ಹವ್ಯಾಸಿಗಳ ಹಟ. ಉಳ್ಳವರ ಶೋಕಿಯೆಂದು ಇದನ್ನು ನಕ್ಕು ಬಿಡುವುದು ಸುಲಭ. ಆದರೆ ಮಲೆನಾಡಿನ ಅಟ್ಟಕ್ಕೆ ಈ ಹಟದಿಂದ ಕಲಿಯಬೇಕಾದದ್ದು ಇದೆ, ಬಿಡಬೇಕಾದದ್ದೂ ಇದೆ.

ಕರ್ನಾಟಕದಲ್ಲಿ ಸೈಕಲ್ ಪಂದ್ಯದ ತವರು ವಿಜಯಪುರ, ಬಾಗಲಕೋಟೆಗಳ ಬಯಲುಸೀಮೆ. ರಾಜ್ಯಕ್ಕೆ ಅನೇಕ ಸ್ಪರ್ಧಿಗಳನ್ನು ಕೊಟ್ಟದ್ದು ಆ ನೆಲವೇ. ದೇಶದ ಕಾರ್ಖಾನೆಗಳು ಪಂದ್ಯದ ಸೈಕಲ್ಲಿಗೆ ಕೈ ಹಾಕಿದ್ದು ತಡವಾಗಿ. ಅಟ್ಲಾಸ್ ಕಂಪೆನಿ ತನ್ನ ರೇಸಿಂಗ್ ಸೈಕಲ್ಲನ್ನು ಹೊರತಂದದ್ದು 1978ರಲ್ಲಿ. ಅದೇ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಅಸನ್ಸೋಲಿನ ಸೆನ್-ರ‍್ಯಾಲೆ ಅದಕ್ಕೂ ಮೊದಲೇ ಇತಿಹಾಸ ಸೇರಿತ್ತು. ಹೀಗೆ ಮುಚ್ಚಿದ ಕಾರ್ಖಾನೆಗಳ ಬಿಡಿಭಾಗ ಇನ್ನು ಸಿಗುವುದಿದ್ದರೆ ಅಟ್ಟಗಳಲ್ಲಿ, ಮುದಿ ರಿಪೇರಿಗಾರರ ಡಬ್ಬಿಗಳಲ್ಲಿ, ಗುಜರಿಯ ರಾಶಿಯಲ್ಲಿ. ಗುಜರಿಯವನ ತಕ್ಕಡಿಗೆ ಏರುವ ಪ್ರತಿಯೊಂದು ಸೈಕಲ್ಲಿನೊಡನೆ ಮತ್ತೆಂದೂ ತಯಾರಾಗದ ಒಂದಿಷ್ಟು ವಸ್ತು ಕರಗಿ ಹೋಗುತ್ತದೆ.

ಅಸಲಿ ಭಾಗವೇ ಏಕೆ ಬೇಕು? ಉತ್ತರ ಮರೆಯ ಸುರುಳಿಯಲ್ಲಿದೆ. ಪೆಡಲಿನ ಅಚ್ಚು ತಿರುಗುವ ಕೊಳವೆಯೊಳಗೆ ಎರಡು ಬಟ್ಟಲುಗಳನ್ನು ಮರೆಯಿಂದ ಬಿಗಿದಿರುತ್ತಾರೆ. ಬಹುತೇಕ ಇಂಗ್ಲಿಷ್ ಸೈಕಲ್ಲುಗಳಲ್ಲಿ ಅಂಗುಲಕ್ಕೆ 24 ಸುತ್ತು. ರ‍್ಯಾಲೆ ಮಾತ್ರ ತನ್ನದೇ 26 ಸುತ್ತನ್ನು ಇಟ್ಟುಕೊಂಡಿತ್ತು. ಇಟಲಿಯ ಬಟ್ಟಲು 36 ಮಿಲಿಮೀಟರ್ ಅಗಲದ್ದು, ಎರಡೂ ಬದಿ ಒಂದೇ ದಿಕ್ಕಿಗೆ ಬಿಗಿಯುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಬಲಗಡೆಯದು ತಿರುವುಮುರುವು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ತಪ್ಪು ಬಟ್ಟಲನ್ನು ಬಲವಂತವಾಗಿ ತಿರುಗಿಸಿದರೆ ಮರೆ ಸವೆದು ಒಳ್ಳೆಯ ಚೌಕಟ್ಟೇ ಕೆಡುತ್ತದೆ. ಆದ್ದರಿಂದ ಅಸಲಿ ಭಾಗವೆಂಬುದು ಮೊದಲಿಗೆ ಹೊಂದಿಕೆಯ ಪ್ರಶ್ನೆ. ಪ್ರತಿಷ್ಠೆಯ ಪ್ರಶ್ನೆ ಆಮೇಲಿನದು. ಹಳೆಯ ಉಕ್ಕಿನ ಚೌಕಟ್ಟಿನ ಇನ್ನೊಂದು ಗುಣವನ್ನೂ ಹೇಳಬೇಕು. ಕೊಳವೆಗಳನ್ನು ಹಿತ್ತಾಳೆಯ ಬೆಸುಗೆಯಿಂದ ಕೂಡಿಸಿರುವುದರಿಂದ ಕೆಟ್ಟ ಕೊಳವೆಯೊಂದನ್ನೇ ಬಿಡಿಸಿ ಹೊಸದನ್ನು ಕೂರಿಸಬಹುದು. ಇಂದಿನ ಕಾರ್ಬನ್ ನಾರಿನ ಚೌಕಟ್ಟನ್ನು ಕರಗಿಸಿ ಮತ್ತೆ ಎರಕ ಹೊಯ್ಯುವಂತಿಲ್ಲ.

ಆದರೆ ಇದೇ ಹಟ ದಾರಿ ತಪ್ಪುವುದೂ ಉಂಟು. ಸೈಕಲ್ಲು ಕಾರ್ಖಾನೆಯಿಂದ ಹೊರಬಂದ ದಿನದಂತೆ ಹೊಳೆಯಬೇಕೆಂದು ಹಿಡಿಕೆ, ರಿಮ್ಮುಗಳಿಗೆಲ್ಲ ಹೊಸದಾಗಿ ಕ್ರೋಮಿಯಂ ಲೇಪ ಹಾಕಿಸುವವರಿದ್ದಾರೆ. ಹೊಳಪಿನ ಆ ಲೇಪಕ್ಕೆ ಸಾಂಪ್ರದಾಯಿಕವಾಗಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ತೊಳೆದ ನೀರನ್ನು ಶುದ್ಧೀಕರಿಸದೆ ಹರಿಯಬಿಟ್ಟರೆ ಅದು ಯಾರದೋ ಬಾವಿಯನ್ನು ಸೇರುತ್ತದೆ. ಒಂದು ಗಾಲಿಯ ಮಿನುಗಿಗಾಗಿ ಅಷ್ಟು ಬೆಲೆ ತೆರಬೇಕೆ? ಹುಣಸೆಯ ಹುಳಿಯಲ್ಲಿ ತುಕ್ಕನ್ನು ಸಡಿಲಿಸಿ, ತೊಳೆದು, ಒಣಗಿಸಿ, ಎಣ್ಣೆ ಒರೆಸಿದರೆ ಸೈಕಲ್ಲು ಇನ್ನೊಂದು ತಲೆಮಾರಿಗೆ ಸಾಕು. ಅಲ್ಲಲ್ಲಿ ಕಿತ್ತ ಬಣ್ಣ ಅದರ ವಯಸ್ಸು, ಅಷ್ಟೇ.

ಅಸಲಿ ಎಂದರೆ ವಿದೇಶಿ ಕಾರ್ಖಾನೆಯ ಮುದ್ರೆ ಎಂದೇ ತಿಳಿಯುವವರು ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ ಅವರನ್ನು ನೆನೆಯಬೇಕು. 1993ರ ಜುಲೈನಲ್ಲಿ ನಾರ್ವೆಯ ಹಾಮಾರ್ ಓಟಪಥದಲ್ಲಿ ಅವರು ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ಕ್ರಮಿಸಿ, 1984ರಿಂದ ಅಲುಗದೆ ನಿಂತಿದ್ದ ಫ್ರಾನ್ಸೆಸ್ಕೊ ಮೊಸರ್ ಅವರ ದಾಖಲೆಯನ್ನು ಮುರಿದರು. ಆ ಸೈಕಲ್ಲನ್ನು ಅವರೇ ಕಟ್ಟಿದ್ದರು. ಅದಕ್ಕೆ ಹಾಕಿದ ಬೇರಿಂಗು ಬಟ್ಟೆ ಒಗೆಯುವ ಯಂತ್ರದ್ದು. ಆ ಸೈಕಲ್ಲನ್ನು ನಾಳೆ ದುರಸ್ತಿ ಮಾಡುವವರು ಅಸಲಿ ಭಾಗಕ್ಕಾಗಿ ವಾಷಿಂಗ್ ಮಷೀನನ್ನೇ ಬಿಚ್ಚಬೇಕು! ಊರಿನ ಕುಲುಮೆಯಲ್ಲಿ ಬೆಸೆದ ಕ್ಯಾರಿಯರು, ಹಳೆಯ ಟ್ಯೂಬು ಕತ್ತರಿಸಿ ಮಾಡಿದ ತಟ್ಟು, ಇವೂ ಆಯಾ ಸೈಕಲ್ಲಿನ ಅಸಲಿ ಚರಿತ್ರೆಯೇ. ಅವನ್ನು ಕಿತ್ತೆಸೆದು ಹಡಗಿನಲ್ಲಿ ಬಂದ ಭಾಗ ಕೂರಿಸುವುದು ಜೀರ್ಣೋದ್ಧಾರವಾಗದು.

ಮತ್ತೊಂದು ಎಚ್ಚರ ವಿದ್ಯಾರ್ಥಿಗಳಿಗೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಫ್ರೀವೀಲೂ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. 2010ರ ಕಾಮನ್‌ವೆಲ್ತ್ ಕೂಟಕ್ಕೆ ದೆಹಲಿಯಲ್ಲಿ ಕಟ್ಟಿದ 250 ಮೀಟರಿನ ಮರದ ಓಟಪಥದ ಮೇಲೆ ಅದು ಸರಿ. ಆಗುಂಬೆ ಘಾಟಿಯ ತಿರುವಿನಲ್ಲಿ ಅದನ್ನೇ ಅಸಲಿಯೆಂದು ಇಳಿಸಹೊರಟರೆ ಮೂರ್ಖತನ. ಅಂಥ ಸೈಕಲ್ಲು ಮಲೆನಾಡಿನ ರಸ್ತೆಗೆ ಬರುವುದಾದರೆ ಮುಂದಿನ ಗಾಲಿಗೆ ಬ್ರೇಕ್ ಬೇಕೇ ಬೇಕು. ಟೈರು, ಬ್ರೇಕಿನ ರಬ್ಬರು, ತಂತಿ, ಸರಪಳಿ, ಗುಂಡುಗಳಲ್ಲಿಯೂ ಹಳೆಯದರ ಹಟ ಸಲ್ಲದು. ಸವೆಯಲೆಂದೇ ಹುಟ್ಟಿದವು ಅವು. ಮುಪ್ಪಾದ ಅಲ್ಯೂಮಿನಿಯಂ ಹಿಡಿಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದನ್ನು ಗೋಡೆಗೆ ನೇತುಹಾಕುವುದೇ ಕ್ಷೇಮ.

ಇಟಲಿಯ ಟಸ್ಕನಿಯಲ್ಲಿ ಗಾಯೋಲೆ ಎಂಬ ಚಿಕ್ಕ ಊರಿದೆ. 1997ರಿಂದ ಅಲ್ಲಿ ‘ಲೆರೊಯಿಕಾ’ ಎಂಬ ಸವಾರಿ ನಡೆಯುತ್ತಿದೆ. 1987ಕ್ಕೂ ಹಿಂದಿನ ಪಂದ್ಯದ ಸೈಕಲ್ಲುಗಳನ್ನೇರಿ ಜನ ಬಿಳಿಯ ಮಣ್ಣಿನ ದಾರಿಗಳಲ್ಲಿ ಸಾಗುತ್ತಾರೆ. ಅದನ್ನು ಆರಂಭಿಸಿದವರ ಆಸೆ ಸೈಕಲ್ಲನ್ನು ಉಳಿಸುವುದಕ್ಕಷ್ಟೇ ನಿಲ್ಲಲಿಲ್ಲ. ಆ ಮಣ್ಣಿನ ದಾರಿಗಳಿಗೆ ಡಾಂಬರು ಬೀಳದಂತೆ ಕಾಯುವುದೂ ಅದರಲ್ಲಿ ಸೇರಿತ್ತು. ಕಾಲುದಾರಿಗೂ ಕಾಂಕ್ರೀಟು ಬಂದರೇ ಅಭಿವೃದ್ಧಿಯೆಂದು ನಂಬಿಸಲಾಗಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಊರುಗಳು ಈ ಸಂಗತಿಯನ್ನು ಗಮನಿಸಬಹುದು.

ಮಲೆನಾಡಿನಲ್ಲಿ ಹಳೆಯ ಪಂದ್ಯದ ಸೈಕಲ್ಲು ಸಿಗುವುದು ದುರ್ಲಭ; ಕೈಗೆಟುಕುವುದು ಅಜ್ಜನ ಸೈಕಲ್ಲು, ಇಲ್ಲವೇ 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿ, ಈಗ ಅಂಗಳದಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲು. ಕೆಲಸ ಒಂದೇ. ಹತ್ತಿರದ ರಿಪೇರಿಗಾರರು ಅಂಗಡಿಯ ಬಾಗಿಲು ಮುಚ್ಚುವ ಮುನ್ನ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಅವರ ಪಕ್ಕ ಕೂರಲಿ. ಬಿಚ್ಚಿದ ಪ್ರತಿ ಭಾಗವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಯಾವ ಸೈಕಲ್ಲಿನದು, ಮರೆ ಎಷ್ಟು ಸುತ್ತಿನದು ಎಂದು ಚೀಟಿ ಬರೆದು ಕಟ್ಟಿಡಲಿ. ಸವೆದು ಹೋದ ಬಟ್ಟಲನ್ನೂ ಎಸೆಯಬಾರದು. ಹೊಸದನ್ನು ಕಡೆಯುವವರಿಗೆ ಅಳತೆ ಸಿಗುವುದು ಅದರಿಂದಲೇ.