ಮೂರು ಬಾಗಿಲುಗಳು

“ಮಗಳು ಜೀವಶಾಸ್ತ್ರವನ್ನು ಓದಿ ದ್ವಿತೀಯ ಪಿ.ಯು.ಸಿ. ಮುಗಿಸಿದ್ದಾಳೆ. ಮೆಡಿಕಲ್ ಕೋಡಿಂಗ್ ತರಬೇತಿಗೆ ಅಷ್ಟೇ ಸಾಕೆಂದು ತರಬೇತಿ ಕೇಂದ್ರದವರು ಹೇಳುತ್ತಾರೆ. ಶುಲ್ಕ ಕಟ್ಟಲೇ?” ಎಂದು ವಾಚಕರೊಬ್ಬರು ಕೇಳಿದ್ದಾರೆ. ಇದು ಅವರೊಬ್ಬರ ಪ್ರಶ್ನೆಯಲ್ಲವಾದುದರಿಂದ ಉತ್ತರವನ್ನು ಇಲ್ಲಿಯೇ ಕೊಡುತ್ತಿದ್ದೇವೆ.

ಮೊದಲು ಈ ಕಸುಬು ಏನೆಂಬುದನ್ನು ತಿಳಿಯೋಣ. ಅಮೆರಿಕದಲ್ಲಿ ಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ವಿಮಾ ಸಂಸ್ಥೆಗಳು ಅಥವಾ ಸರ್ಕಾರ ತೆರುವುದುಂಟು. ವೈದ್ಯರು ಬರೆದುದನ್ನು ಓದಿ ರೋಗಕ್ಕೊಂದು, ಚಿಕಿತ್ಸೆಗೊಂದು ಸಂಕೇತವನ್ನು ಗೊತ್ತುಮಾಡುವುದು ಕೋಡಿಂಗ್. ಆ ಸಂಕೇತಗಳ ಆಧಾರದಿಂದ ಹಣವನ್ನು ಕೇಳಿ ಪಡೆಯುವುದು ಬಿಲ್ಲಿಂಗ್. ೨೦೧೫ರ ಅಕ್ಟೋಬರ್ ೧ರಿಂದ ಆ ದೇಶದಲ್ಲಿ ಬಳಕೆಗೆ ಬಂದ ಐಸಿಡಿ-೧೦-ಸಿಎಂ ಪಟ್ಟಿಯಲ್ಲಿ ರೋಗಸಂಕೇತಗಳು ಎಪ್ಪತ್ತು ಸಾವಿರದ ಆಸುಪಾಸಿನಲ್ಲಿವೆ. ಬಲಮೊಣಕಾಲಿನ ಕೀಲುಸವೆತಕ್ಕೆ ಎಂ೧೭.೧೧, ಎಡಮೊಣಕಾಲಿಗೆ ಎಂ೧೭.೧೨. ಕಡೆಯ ಅಂಕಿಯೊಂದು ತಪ್ಪಿದರೆ ಬಲಗಾಲಿನ ಶಸ್ತ್ರಚಿಕಿತ್ಸೆಗೆ ಎಡಗಾಲಿನ ರೋಗ ಅಂಟಿಕೊಂಡು, ಹಣ ಬಾರದೆ ಬಿಲ್ ಹಿಂದಿರುಗಬಹುದು.

ಇಂಥ ಕೆಲಸಕ್ಕೆ ಹೋಗುವವರ ಎದುರಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ತರಬೇತಿಯದು. ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಪ್ರೌಢಶಾಲೆ ಮುಗಿಸಿದ ಪತ್ರ, ಇಲ್ಲವೆ ತತ್ಸಮಾನವಾದ ಜಿಇಡಿ ಪರೀಕ್ಷೆ ಸಾಮಾನ್ಯವಾಗಿ ಸಾಕಾಗುವುದು. ಈ ಬಾಗಿಲು ಅಗಲವಾದುದು. ಹಣ ಕಟ್ಟಿದವರಿಗೆ ಬೇಗನೆ ತೆರೆಯುವುದು.

ಎರಡನೆಯದು ಪರೀಕ್ಷೆಯದು. ಎಎಪಿಸಿ ಎಂಬ ಅಮೆರಿಕದ ಸಂಸ್ಥೆ ನಡೆಸುವ ಸಿಪಿಸಿ ಪರೀಕ್ಷೆಯನ್ನು ನಮ್ಮ ದೇಶದಲ್ಲಿಯೂ ಬರೆಯಬಹುದು. ಅದಕ್ಕೆ ಪದವಿ ಕಡ್ಡಾಯವಲ್ಲ. ನಾಲ್ಕು ಗಂಟೆಗಳಲ್ಲಿ ನೂರು ಪ್ರಶ್ನೆಗಳು; ತೇರ್ಗಡೆಗೆ ಶೇಕಡ ೭೦ ಬೇಕು. ಸಂಕೇತಗಳ ಪುಸ್ತಕವನ್ನು ನೋಡಲು ಅನುಮತಿಯುಂಟು. ಆದರೆ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಉತ್ತರ ತಿಳಿಯದು; ಎಲ್ಲಿ ಹುಡುಕಬೇಕೆಂಬುದಕ್ಕೆ ಶರೀರಶಾಸ್ತ್ರ ತಿಳಿದಿರಬೇಕು. ತೇರ್ಗಡೆಯಾದ ಹೊಸಬರ ಬಿರುದಿನ ಮುಂದೆ ‘ಎ’ ಅಕ್ಷರ ಸೇರಿರುತ್ತದೆ. ಇನ್ನೂ ಅಭ್ಯಾಸಿಯೆಂದು ಅದರ ಅರ್ಥ. ಎರಡು ವರ್ಷದ ಅನುಭವವನ್ನೋ, ಅದರ ಒಂದು ಪಾಲಿಗೆ ಸಂಸ್ಥೆ ಒಪ್ಪುವ ಶಿಕ್ಷಣವನ್ನೋ ತೋರಿಸಿದ ಮೇಲೆಯೇ ಅದು ಕಳಚುವುದು.

ಮೂರನೆಯದು ಉದ್ಯೋಗದ ಬಾಗಿಲು. ನಿಜವಾದ ಅಗುಳಿ ಇರುವುದು ಇಲ್ಲಿ. ಅಮೆರಿಕದ ಆಸ್ಪತ್ರೆಗಳ ಕೆಲಸವನ್ನು ಮಾಡಿಕೊಡುವ ಕಚೇರಿಗಳು ಬೆಂಗಳೂರಿನಲ್ಲಿವೆ. ಅವುಗಳಲ್ಲಿ ಹಲವು, ಕೋಡಿಂಗ್ ವಿಭಾಗಕ್ಕೆ ಜೀವವಿಜ್ಞಾನ, ಶುಶ್ರೂಷೆ, ಔಷಧಶಾಸ್ತ್ರ ಅಥವಾ ಫಿಸಿಯೋಥೆರಪಿಯ ಪದವೀಧರರನ್ನೇ ಬಯಸುತ್ತವೆ. ಬಿಲ್ಲಿಂಗ್ ವಿಭಾಗದಲ್ಲಿ ಬೇರೆ ಪದವೀಧರರಿಗೂ ಅವಕಾಶವುಂಟು. ಆದರೆ ವಿಮಾ ಕಚೇರಿಗಳೊಡನೆ ದೂರವಾಣಿಯಲ್ಲಿ ಮಾತನಾಡುವವರಿಗೆ ಅಲ್ಲಿಯ ಹಗಲು ಇಲ್ಲಿಯ ರಾತ್ರಿಪಾಳಿಯಾಗುವುದು. ಮೊದಲ ಬಾಗಿಲಲ್ಲಿ ಪದವಿ ಬೇಡವೆಂದವರು, ಈ ಮೂರನೆಯ ಬಾಗಿಲಲ್ಲಿ ನಿಮ್ಮ ಪರವಾಗಿ ಮಾತನಾಡಲು ಬರುವುದಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು: ಈಗಲೇ ಶುಲ್ಕ ಕಟ್ಟಬೇಡಿ. ಮಗಳು ಮೇಲೆ ಹೇಳಿದ ವಿಷಯಗಳಲ್ಲೊಂದನ್ನು ಆರಿಸಿ ಪದವಿಗೆ ಸೇರಲಿ. ಕೋಡಿಂಗ್ ಒದಗದಿದ್ದರೂ ಆ ಪದವಿ ಕೈಬಿಡದು. ಈ ನಡುವೆ ಅವಳ ಒಲವನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ವೈದ್ಯಕೀಯ ಪದಗಳ ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು. ಇಂಥ ಪದಗಳನ್ನು ಬಿಡಿಸುತ್ತ ಕುಳಿತರೆ ಹೊತ್ತು ಹೋದುದು ಅವಳಿಗೆ ತಿಳಿಯುವುದಿಲ್ಲವಾದರೆ, ಈ ಕಸುಬು ಅವಳಿಗೆ ಹೊಂದೀತು. ಬೇಸರ ಬಂದರೆ ಶುಲ್ಕ ಉಳಿಯಿತು.

ಪದವಿಯ ಕಡೆಯ ವರ್ಷದಲ್ಲಿ ನೀವೇ ಎರಡು ಮೂರು ಕಚೇರಿಗಳನ್ನು ವಿಚಾರಿಸಿ: ಯಾವ ಪದವಿ ಬೇಕು? ಪ್ರಮಾಣಪತ್ರ ಮೊದಲೇ ಇರಬೇಕೋ, ಸೇರಿದ ಮೇಲೆ ಕಲಿಸುವಿರೋ? ಅಭ್ಯಾಸಿಗಳನ್ನು ತೆಗೆದುಕೊಳ್ಳುವಿರೋ? ತರಬೇತಿ ಕೇಂದ್ರದ ಮೆಟ್ಟಿಲನ್ನು ಆಮೇಲೆ ಹತ್ತಿರಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಅವಸರ ಬೇಡ.